ಯೂಸ್ಡ್ ಟು, ಸಪೋಸ್ಡ್ ಟು, ವುಡ್ ಯು ಮೈಂಡ್: ಮಾತಲ್ಲಿ ಇವನ್ನು ಹೇಗೆ ಬಳಸೋದು?

ಕಾಫಿಗಿಡ:

ನಮಸ್ಕಾರ. ಮೂಡಿಗೆರೆ ಕಡೆ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ನಾನು ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಬುಕಿಂಗ್ ಮೆಸೇಜ್ ಎಲ್ಲ ನಾನೇ ಬರೆಯುತ್ತೇನೆ. ಎದುರಿಗೆ ಮಾತಾಡುವಾಗಲೇ ಕಷ್ಟ. ಒಂದೊಂದು ಪದವೂ ಗೊತ್ತಿರುತ್ತದೆ, ಒಟ್ಟಿಗೆ ಏನು ಹೇಳಿದರು ಅನ್ನೋದು ಮಾತ್ರ ಗೊತ್ತಾಗಲ್ಲ.

ಹೋದ ವಾರ ಗೆಸ್ಟ್ ಒಬ್ಬರು ನಮ್ಮ ಅಡುಗೆ ಹುಡುಗನಿಗೆ "ವುಡ್ ಯು ಮೈಂಡ್ ಇಫ್ ವಿ ಹ್ಯಾಡ್ ಡಿನ್ನರ್ ಎ ಬಿಟ್ ಲೇಟ್?" ಅಂದರು. ಅವನು ಹಲ್ಲು ಕಿರಿದು "ಯೆಸ್ ಸರ್, ಯೆಸ್ ಸರ್" ಅಂದ. ಅವರ ಮುಖ ಸಣ್ಣದಾಯಿತು. ಎಂಟು ಗಂಟೆಗೆ ಸರಿಯಾಗಿ ಬಂದು, ಮಾತಿಲ್ಲದೆ ಉಂಡು ಎದ್ದು ಹೋದರು. ಏನಾಯ್ತು?

ಇನ್ನೊಬ್ಬರು "ವಿ ವರ್ ಸಪೋಸ್ಡ್ ಟು ಗೆಟ್ ದಿ ವ್ಯಾಲಿ ವ್ಯೂ ರೂಮ್" ಅಂದರು. ಸಪೋಸ್ ಅಂದ್ರೆ ಅಂದುಕೊಳ್ಳೋದು ಅಲ್ವಾ? ಇದು ದೂರಾ, ಸುಮ್ನೆ ಹೇಳಿದ್ದಾ? ಅವರ ಹೆಂಡತಿ ಕಾಲಿಗೆ ಹತ್ತಿದ ಇಂಬಳ ನೋಡಿ "ವಿ ಆರ್ ನಾಟ್ ಯೂಸ್ಡ್ ಟು ದೀಸ್" ಅಂತ ಕಿರುಚಿದರು. ಇಂಬಳವನ್ನು ಯಾರು ಯೂಸ್ ಮಾಡ್ತಾರೆ ಮಾರಾಯ್ರೆ?

ಗ್ರಾಮರ್ ಪುಸ್ತಕದ ಹೆಸರು ಹೇಳಬೇಡಿ. ಮನೆಯಲ್ಲಿ ಎರಡಿವೆ, ಎರಡೂ ಹೊಸದಾಗೇ ಇವೆ.

ಹಾಸನದ ಮೇಷ್ಟ್ರು:

ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವನು ನಾನು. ಮೊದಲು ಒಂದು ಮಾತು: ಇವನ್ನು ಪದಪದ ಬಿಡಿಸಬೇಡಿ. "ಅವನು ಕೈ ಕೊಟ್ಟ" ಅಂದ್ರೆ ಕೈ ಕತ್ತರಿಸಿ ಕೊಟ್ಟ ಅಂತಲಾ? ಇದೂ ಹಾಗೇ.

ನಿಮ್ಮ ಹುಡುಗನ ಕಥೆಯಲ್ಲಿ ಮೈಂಡ್ ಅಂದ್ರೆ ಬೇಜಾರು. "ನಾವು ಸ್ವಲ್ಪ ತಡವಾಗಿ ಊಟ ಮಾಡಿದ್ರೆ ನಿಮಗೆ ಬೇಜಾರಾ?" ಅಂತ ಅವರು ಕೇಳಿದ್ದು. "ಹೌದು ಸರ್, ಹೌದು ಸರ್" ಅಂತ ಇವನು. ಉಂಡು ಎದ್ದು ಹೋಗದೆ ಇನ್ನೇನು ಮಾಡ್ತಾರೆ! "ನಾಟ್ ಅಟ್ ಆಲ್" ಅನ್ನೋದನ್ನು ಅವನಿಗೆ ಬಾಯಿಪಾಠ ಮಾಡಿಸಿ. ನಮ್ಮ "ಅಯ್ಯೋ, ಪರವಾಗಿಲ್ಲ" ಇದೆಯಲ್ಲ, ಅದೇ. ಅಲ್ಲಿರುವ ಹ್ಯಾಡ್ ನೋಡಿ ನಿನ್ನೆಯ ಊಟ ಅಂದುಕೊಳ್ಳಬೇಡಿ. ಅದು ಮರ್ಯಾದೆಗೆ ಹಾಕಿದ್ದು, ಕಾಲಕ್ಕೆ ಅಲ್ಲ.

ಈಗ ಯೂಸ್ಡ್ ಟು. ನಮ್ಮವರು ಜಾಸ್ತಿ ಎಡವೋದು ಇಲ್ಲೇ, ಅದಕ್ಕೆ ಕಾರಣ ಕನ್ನಡದಲ್ಲೇ ಇದೆ. "ನಾನು ಸೈಕಲ್ಲಲ್ಲಿ ಸ್ಕೂಲಿಗೆ ಹೋಗ್ತಿದ್ದೆ" ಅಂತೀವಿ. ದಿನಾ ಹೋಗ್ತಿದ್ದೆ ಅಂತಲೂ ಆಗಬಹುದು, ಹೋಗ್ತಿದ್ದಾಗ ದಾರಿಯಲ್ಲಿ ನಾಯಿ ಅಡ್ಡ ಬಂತು ಅಂತಲೂ ಆಗಬಹುದು. ನಮಗೆ ಒಂದೇ "ಹೋಗ್ತಿದ್ದೆ" ಸಾಕು. ಇಂಗ್ಲಿಷಿನವರಿಗೆ ಸಾಲದು. ದಿನಾ ಹೋಗ್ತಿದ್ದೆ, ಈಗ ಇಲ್ಲ ಅನ್ನೋಕೆ "ಐ ಯೂಸ್ಡ್ ಟು ಗೋ". ನಾಯಿ ಅಡ್ಡ ಬಂದ ಆ ಒಂದು ದಿನಕ್ಕೆ "ಐ ವಾಸ್ ಗೋಯಿಂಗ್". ನಮ್ಮವರು ಎರಡಕ್ಕೂ ವಾಸ್ ಗೋಯಿಂಗ್ ಹಾಕ್ತಾರೆ. ಕೇಳುವವನು "ಹೂಂ, ಆಮೇಲೆ?" ಅಂತ ನಾಯಿಗೆ ಕಾಯ್ತಾ ಕೂರ್ತಾನೆ.

ಇಂಬಳದ್ದು ಬೇರೆ. ಯೂಸ್ಡ್ ಟು ಹಿಂದೆ ಆ್ಯಮ್, ಆರ್, ಈಸ್ ಬಂತು ಅಂದ್ರೆ ಅಭ್ಯಾಸ, ರೂಢಿ. "ನಮಗೆ ಇವು ಅಭ್ಯಾಸ ಇಲ್ಲ" ಅಂತ ಆ ಹೆಂಗಸು ಹೇಳಿದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. "ವಿ ಯೂಸ್ಡ್ ಟು ವಾಕ್": ಒಂದು ಕಾಲದಲ್ಲಿ ನಡೀತಿದ್ವಿ, ಈಗ ಸ್ಕೂಟರ್. "ವಿ ಆರ್ ಯೂಸ್ಡ್ ಟು ವಾಕಿಂಗ್": ನಮಗೆ ನಡೆದು ರೂಢಿ, ಜೀಪ್ ಬೇಡ. ಎರಡನೆಯದರಲ್ಲಿ ವಾಕ್ ಹೋಗಿ ವಾಕಿಂಗ್ ಆಯ್ತು, ಗಮನಿಸಿ. ಕಿವಿಗೆ ಎರಡೂ "ಯೂಸ್ಟು" ಅಂತಲೇ ಬೀಳುತ್ತೆ, ಹಾಗಾಗಿ ಹಿಂದಿನ ಪದದ ಮೇಲೆ ಕಿವಿ ಇಡಿ. ಇನ್ನೊಂದು: "ಐ ಯೂಸ್ ಟು ಡ್ರಿಂಕ್ ಕಾಫಿ ಡೈಲಿ" ಅಂತ ಈಗಿನ ಅಭ್ಯಾಸಕ್ಕೆ ಹೇಳುವವರಿದ್ದಾರೆ. ಅದು ಇಲ್ಲ. "ಐ ಯೂಶುವಲಿ ಡ್ರಿಂಕ್" ಅಂದರೆ ಆಯ್ತು.

ವ್ಯಾಲಿ ವ್ಯೂ ರೂಮು: "ನಮಗೆ ಆ ರೂಮ್ ಸಿಗಬೇಕಿತ್ತು." ಅಂದ್ರೆ ಮಾತಾಗಿತ್ತು, ಸಿಗಲಿಲ್ಲ. ದೂರೇ ಸ್ವಾಮಿ, ನಯವಾಗಿ ಹೇಳಿದ್ದಾರೆ ಅಷ್ಟೇ.

ಲೀಡ್ಸ್ ನರ್ಸಮ್ಮ:

ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ಆದರೆ "ಯೆಸ್" ವಿಷಯದಲ್ಲಿ ಒಂಚೂರು ತಕರಾರಿದೆ. ಇಂಗ್ಲೆಂಡಲ್ಲಿ ನಾನು ಕೆಲಸ ಮಾಡೋ ವಾರ್ಡಲ್ಲಿ "ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?" ಅಂದ್ರೆ ಇಲ್ಲಿನವರೇ "ಯಾ, ಗೋ ಅಹೆಡ್" ಅಂತಾರೆ. ನಗುತ್ತಾ ಹೇಳಿ ಹಿಂದೆಯೇ ಗೋ ಅಹೆಡ್ ಸೇರಿಸಿದ್ರೆ ಯಾರೂ ತಪ್ಪು ತಿಳಿಯಲ್ಲ. ಬರೀ "ಯೆಸ್" ಅಂತ ನಿಲ್ಲಿಸಿದಾಗಲೇ ಗೊಂದಲ.

ನೀವು ಕೇಳದ ಒಂದು: "ಯು ಹ್ಯಾಡ್ ಬೆಟರ್". "ಬೇಗ ಹೊರಟರೆ ಒಳ್ಳೇದು" ಅಂತ ಗೆಸ್ಟಿಗೆ ಹೇಳೋಕೆ ಇದನ್ನು ಬಳಸಬೇಡಿ. ಬೆಟರ್ ಇದೆ ಅಂತ ಮೆತ್ತಗೆ ಕಾಣುತ್ತೆ, ಕೇಳೋಕೆ ಮಾತ್ರ "ಹೊರಡ್ತೀಯೋ ಇಲ್ವೋ, ಆಮೇಲೆ ನೋಡ್ಕೊ" ಅನ್ನೋ ಥರ. "ಇಟ್ ಮೈಟ್ ಬಿ ಬೆಟರ್ ಟು ಲೀವ್ ಅರ್ಲಿ" ಅನ್ನಿ.

ಮತ್ತೆ ಇನ್ನೊಂದು ದೋಸೆ ಹಾಕ್ಲಾ ಅಂತ ಕೇಳಿದಾಗ "ಐ ಆ್ಯಮ್ ಗುಡ್" ಅಂದರೆ ಸಾಕು, ಬೇಡ ಅಂತ ಅರ್ಥ. ಗುಡ್ ಅಂದ್ರು ಅಂತ ಹಾಕಿಬಿಡಬೇಡಿ.

ಕಾಫಿಗಿಡ:

ಅಯ್ಯೋ, ದೋಸೆ ಎಷ್ಟು ಸಲ ಹಾಕಿದ್ದೀವೋ! ಇಬ್ಬರಿಗೂ ಥ್ಯಾಂಕ್ಸ್. ಇನ್ನೆರಡು ಕೇಳಿ ಮುಗಿಸ್ತೀನಿ. "ಮೈಟ್ ಆ್ಯಸ್ ವೆಲ್" ಅಂತ ತುಂಬಾ ಕೇಳ್ತೀನಿ, ಅದೇನು? ಮತ್ತೆ "ವಿ ಆರ್ ರನ್ನಿಂಗ್ ದಿಸ್ ಸಿನ್ಸ್ ಸಿಕ್ಸ್ ಇಯರ್ಸ್" ಅಂತ ನಾನು ಎಲ್ಲರಿಗೂ ಹೇಳ್ತೀನಿ, ಸರಿನಾ?

ಹಾಸನದ ಮೇಷ್ಟ್ರು:

ನರ್ಸಮ್ಮ ಹೇಳಿದ್ದು ಸರಿ, ಆದರೂ ಹುಡುಗನಿಗೆ ನಾಟ್ ಅಟ್ ಆಲ್ ಒಂದನ್ನೇ ಕಲಿಸಿ. ಎರಡು ಕಲಿಸಿದ್ರೆ ಬೆರೆಸಿಬಿಡ್ತಾನೆ.

ಮೈಟ್ ಆ್ಯಸ್ ವೆಲ್ ಅಂದ್ರೆ "ಹೇಗಿದ್ರೂ". ಬೇಲೂರಿಗೆ ಬಂದಾಗಿದೆ, ಹಳೇಬೀಡು ಇನ್ನು 16 ಕಿಲೋಮೀಟರ್. ಹೋಗಲೇಬೇಕು ಅಂತ ಆಸೆ ಏನಿಲ್ಲ, ಹೋಗದೆ ಇರೋಕೂ ಕಾರಣ ಇಲ್ಲ. "ಹೇಗಿದ್ರೂ ಬಂದಿದ್ದೀವಿ, ಅದನ್ನೂ ನೋಡಿಬಿಡೋಣ" ಅಂತೀವಲ್ಲ, ಆಗ "ವಿ ಮೈಟ್ ಆ್ಯಸ್ ವೆಲ್ ಸೀ ಹಳೇಬೀಡು". ಅದಕ್ಕೇ ನೀವು ಬಡಿಸಿದ್ದನ್ನು ತಿನ್ನುವಾಗ "ಐ ಮೈಟ್ ಆ್ಯಸ್ ವೆಲ್ ಈಟ್ ಇಟ್" ಅಂತ ಯಾರಾದರೂ ಅಂದರೆ ಹೊಗಳಿಕೆ ಅಂತ ತಿಳಿಯಬೇಡಿ.

ಸಿನ್ಸ್ ಸಿಕ್ಸ್ ಇಯರ್ಸ್ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ತಲೆ ಕೆಡಿಸಿಕೊಳ್ಳಬೇಡಿ. ಸರಿ ಮಾಡಲೇಬೇಕು ಅಂದ್ರೆ "ವಿ ಹ್ಯಾವ್ ಬೀನ್ ರನ್ನಿಂಗ್ ದಿಸ್ ಫಾರ್ ಸಿಕ್ಸ್ ಇಯರ್ಸ್". ನಾವು "ಆರು ವರ್ಷದಿಂದ", "2019ರಿಂದ" ಅಂತ ಎರಡಕ್ಕೂ "ಇಂದ" ಅಂತೀವಿ. ಅವರಲ್ಲಿ ಎಷ್ಟು ಕಾಲ ಅಂತ ಹೇಳೋಕೆ ಫಾರ್, ಶುರುವಾದ ದಿನಕ್ಕೋ ವರ್ಷಕ್ಕೋ ಸಿನ್ಸ್. ಬೋರ್ಡಿನಲ್ಲಿ "ಸಿನ್ಸ್" ಅಂತ ಹಾಕಿಸೋದಿದ್ರೆ ಮುಂದೆ ಇಸವಿ ಬರೆಸಿ.