ಕಡಲಿಗೆ ಮುಖ ಮಾಡಿದ ಬಾಗಿಲಿಗೆ ಬಣ್ಣ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಕೋಡಿಬಾಗ, ಕಾರವಾರ): ನಮ್ಮ ಮುಂಬಾಗಿಲು ಪಶ್ಚಿಮಕ್ಕಿದೆ. ಮತ್ತಿ ಮರದ್ದು. ಎರಡು ಸಲ ಎನಾಮಲ್ ಹೊಡೆಸಿದೆವು. ಎರಡೂ ಸಲ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಒಂದು ಗೇಣು ಗುಳ್ಳೆ ಎದ್ದು ಕಿತ್ತುಬಂತು. ಮೇಲೆ ಚೆನ್ನಾಗಿಯೇ ಇದೆ. ಅಂಗಡಿಯವರು ಇನ್ನೂ ದುಬಾರಿ ಬಣ್ಣ ತಗೊಳ್ಳಿ ಅನ್ನುತ್ತಾರೆ. ಈ ಸಲ ನಾನೇ ಹೊಡೆಯಬೇಕು ಅಂತಿದ್ದೇನೆ.

ಉತ್ತರ (ಪೇಂಟರ್, ಅಂಕೋಲಾ): ಬಣ್ಣ ಬದಲಿಸುವುದು ಆಮೇಲೆ. ಮೊದಲು ಬಾಗಿಲು ಕಳಚಿ ಅಡಿಯ ಅಂಚು ನೋಡಿ. ಅಲ್ಲಿ ಬರೀ ಮರ ಇರಬೇಕು. ನಿಂತ ಬಾಗಿಲಿಗೆ ಬಣ್ಣ ಹೊಡೆದರೆ ಬ್ರಶ್ ಅಲ್ಲಿಗೆ ಹೋಗುವುದೇ ಇಲ್ಲ, ಅಲ್ವಾ? ಉದ್ದ ಪಟ್ಟಿಗಳ ತುದಿ ಇರುವುದೂ ಅಲ್ಲೇ. ಮರ ಬದುಕಿದ್ದಾಗ ನೀರು ಏರುತ್ತಿದ್ದ ಸಣ್ಣ ಕೊಳವೆಗಳ ಬಾಯಿ ಅಲ್ಲಿ ತೆರೆದಿರುತ್ತದೆ. ಹೊಸ್ತಿಲ ಮೇಲಿನ ಮಳೆನೀರನ್ನು ಹೀರಿಕೊಳ್ಳುತ್ತದೆ. ಬಿಸಿಲು ಬಿದ್ದಾಗ ಆ ತೇವ ಹೊರಬರಲು ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ನಿಮ್ಮ ಗುಳ್ಳೆ ಅದೇ.

ಕೆಲಸ ಶುರು ಮಾಡುವ ಮೊದಲು ಸಿಹಿನೀರಿನಲ್ಲಿ ಬಾಗಿಲು ತೊಳೆಯಿರಿ. ಕಡಲ ಗಾಳಿಯ ಉಪ್ಪು ಕೂತಿರುತ್ತದೆ, ಅದು ತೇವ ಎಳೆಯುತ್ತದೆ. ಉಪ್ಪಿನ ಮೇಲೆಯೇ ಸ್ಯಾಂಡ್ ಪೇಪರ್ ಉಜ್ಜಿದರೆ ಮರದೊಳಗೆ ತುಂಬಿದ ಹಾಗೆ. ಆಮೇಲೆ ನೆರಳಲ್ಲಿ, ಗಾಳಿ ಆಡುವಲ್ಲಿ ಚೆನ್ನಾಗಿ ಒಣಗಲಿ. ಇಲ್ಲಿ ಅವಸರ ಬೇಡ. ಹೊಸದರಲ್ಲಿ ನಾನು ಅಕ್ಟೋಬರಿನಲ್ಲಿ, ಮಳೆ ನಿಂತ ಮೂರನೇ ದಿನ ಒಂದು ಬಾಗಿಲಿಗೆ ಹೊಡೆದಿದ್ದೆ. ಅದನ್ನು ಪೂರ್ತಿ ಕೆರೆದು, ನನ್ನ ಖರ್ಚಲ್ಲೇ ಮತ್ತೆ ಮಾಡಿಕೊಡಬೇಕಾಯಿತು.

ಸಡಿಲ ಬಣ್ಣ ಮಾತ್ರ ಕೆರೆಯಿರಿ, ಗಟ್ಟಿ ಕೂತಿದ್ದು ಇರಲಿ. 80 ನಂಬರ್ ಪೇಪರ್, ನಂತರ 120, ಕೊನೆಗೆ 180. ಮರದ ಎಳೆಯ ಜೊತೆಗೇ ಉಜ್ಜಿ, ಅಡ್ಡ ಬೇಡ. ಒಂದು ಎಚ್ಚರ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಪದರ ಇದ್ದರೆ ಒಣ ಧೂಳು ಎಬ್ಬಿಸಬೇಡಿ. ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಮೊದಲು ಪ್ರೈಮರ್, ಆಮೇಲೆ ಪುಟ್ಟಿ. ಪುಟ್ಟಿ ಉಜ್ಜಿ ಇನ್ನೊಮ್ಮೆ ಪ್ರೈಮರ್. ಅಡಿ ಮತ್ತು ತಲೆಯ ಅಂಚಿಗೆ ಮೊದಲ ಕೋಟನ್ನು ಸ್ವಲ್ಪ ಥಿನ್ನರ್ ಸೇರಿಸಿ ಕುಡಿಸಿ, ಒಟ್ಟು ಮೂರು ಕೋಟ್ ಆಗಲಿ. ಮೇಲೆ ಎನಾಮಲ್ ತೆಳುವಾಗಿ ಎರಡು. ನಿಮ್ಮ ಬಾಗಿಲಿಗೆ ಬೆಳಿಗ್ಗೆ ನೆರಳು ಸಿಗುತ್ತದೆ. ಇಬ್ಬನಿ ಆರಿದ ಮೇಲೆ ಶುರು ಮಾಡಿ, ಬಿಸಿಲು ತಿರುಗುವ ಮೊದಲು ನಿಲ್ಲಿಸಿ.

ಪ್ರಶ್ನೆ (ಶಿರಸಿ): ನಮ್ಮದು ಹಲಸಿನ ಬಾಗಿಲು. ಜಾತ್ರೆಯ ಒಳಗೆ ಚಂದ ಮಾಡಬೇಕು. ಮರದ ಬಣ್ಣ ಕಾಣಲಿ ಅಂತ ಆಸೆ. ವಾರ್ನಿಶ್ ಸಾಕಾ?

ಉತ್ತರ: ಜಗಲಿಯ ಒಳಗಿದ್ದರೆ ಸಾಕು. ಬಿಸಿಲು ನೇರ ಬಿದ್ದರೆ ವಾರ್ನಿಶ್ ಬೇಗ ಸಿಪ್ಪೆ ಏಳುತ್ತದೆ, ವರ್ಷ ವರ್ಷ ಒಂದು ಕೋಟ್ ಕೊಡಬೇಕು. ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ. ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ಹರಡಿ ಒಣಗಿಸಿ.

ಕೋಡಿಬಾಗದವರು: ಇವತ್ತು ಕಳಚಿದೆವು. ಅಡಿಯಲ್ಲಿ ಒಂದು ಹನಿ ಬಣ್ಣ ಇಲ್ಲ. ಒಂದು ಮೂಲೆ ಉಗುರಿಗೆ ಮೆತ್ತಗೆ ಸಿಗುತ್ತದೆ.

ಉತ್ತರ: ಹಾಗಾದರೆ ಪ್ರೈಮರ್ ತರಬೇಡಿ. ಮೊದಲು ಆಚಾರಿಯನ್ನು ಕರೆಸಿ. ಮೆತ್ತಗಿನದು ಕತ್ತರಿಸಿ ಹೊಸ ತುಂಡು ಕೂರಿಸಲಿ. ಅಡಿಯಲ್ಲಿ ಎಷ್ಟು ಸಂದು ಇದೆ ಅಂತಲೂ ನೋಡಲಿ, ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಫೋಟೋ ಹಾಕಿ, ನೋಡಿ ಹೇಳುತ್ತೇನೆ.