ಜೆನ್ನಿ ಲೇಕ್‌ನಲ್ಲಿ ಟೆಂಟ್ ಹಾಕಿದವರ ಅನುಭವಗಳು

ಪ್ರಶ್ನೆ: ಆಗಸ್ಟ್‌ನಲ್ಲಿ ಅಮೆರಿಕದ ಗ್ರ್ಯಾಂಡ್ ಟೀಟಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರಿದ್ದೇವೆ. ಜೆನ್ನಿ ಲೇಕ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ರಾತ್ರಿ ತಂಗುವ ಆಲೋಚನೆಯಿದೆ. ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ಟೆಂಟ್‌ನಲ್ಲಿ ಮಲಗಿ ಯಾರಿಗೂ ಅಭ್ಯಾಸವಿಲ್ಲ. ಜಾಗ ಸಿಗುವುದು ಹೇಗೆ, ಕರಡಿಗಳ ಭಯ ಎಷ್ಟು ನಿಜ, ಒಂದು ರಾತ್ರಿ ಸಾಕೇ ಎಂಬುದನ್ನು ಅಲ್ಲಿ ಉಳಿದು ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಒಂದು ರಾತ್ರಿ ಸಾಲದು. ಮಧ್ಯಾಹ್ನ ತಲುಪಿ ಟೆಂಟ್ ಹಾಕಿ ಊಟ ಮುಗಿಸುವಷ್ಟರಲ್ಲಿ ಕತ್ತಲಾಗಿರುತ್ತದೆ, ಬೆಳಗಾದರೆ ಎಲ್ಲವನ್ನೂ ಮಡಚಿ ಹೊರಡುವ ಗಡಿಬಿಡಿ. ಬೇಸಿಗೆಯಲ್ಲಿ ಸರೋವರದ ಪಾರ್ಕಿಂಗ್ ಬೆಳಗಿನ ಹೊತ್ತಿಗೇ ತುಂಬಿಹೋಗಿ ಕಾರುಗಳು ರಸ್ತೆಯಂಚಿಗೆ ಸಾಲುಗಟ್ಟುತ್ತವೆ. ಕ್ಯಾಂಪ್‌ನಲ್ಲಿ ಉಳಿದವರು ಮಾತ್ರ ಕಾರಿನ ಕೀಲಿ ಮುಟ್ಟದೆ ದೋಣಿ ಹೊರಡುವ ಕಟ್ಟೆಗೆ ನಡೆದೇ ಹೋಗಬಹುದು. ನಾವು ಎರಡನೆಯ ದಿನ ಮೊದಲ ದೋಣಿ ಹತ್ತಿ ಆಚೆ ದಡದ ಹಿಡನ್ ಫಾಲ್ಸ್ ಜಲಪಾತ ನೋಡಿ, ಇನ್‌ಸ್ಪಿರೇಶನ್ ಪಾಯಿಂಟ್ ಎಂಬ ವೀಕ್ಷಣಾ ತಾಣಕ್ಕೆ ಏರಿ ಇಳಿಯುವಾಗ, ಜನಸಂದಣಿ ಆಗಷ್ಟೇ ಎದುರಿನಿಂದ ಬರತೊಡಗಿತ್ತು. ದೋಣಿಯಿಂದ ಒಂದು ಬದಿಗೆ ಸುಮಾರು ಎರಡು ಮೈಲಿ ನಡಿಗೆ ತಪ್ಪುವುದರಿಂದ ಮಕ್ಕಳಿದ್ದವರಿಗೆ ಅದೇ ಸರಿ.

ಕರಡಿಗಳ ವಿಷಯ. ಅಲ್ಲಿ ಕಪ್ಪು ಕರಡಿಯೂ ಇದೆ, ಗ್ರಿಜ್ಲಿಯೂ ಇದೆ. ಆದರೆ ನನ್ನ ದೃಷ್ಟಿಯಲ್ಲಿ ಹೆದರಬೇಕಾದದ್ದು ಕರಡಿಗಿಂತ ನಮ್ಮ ಮರೆವಿಗೆ. ಪ್ರತಿ ಸೈಟ್‌ನಲ್ಲೂ ಗಟ್ಟಿ ಚಿಲಕದ ಲೋಹದ ಪೆಟ್ಟಿಗೆಯಿದ್ದು, ಆಹಾರವಷ್ಟೇ ಅಲ್ಲದೆ ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ತೊಳೆಯದ ಪಾತ್ರೆ, ಖಾಲಿ ಕೂಲರ್ ಹೀಗೆ ವಾಸನೆ ಬರುವ ಎಲ್ಲವೂ ಅದರೊಳಗೆ ಹೋಗಬೇಕು. ಮೊದಲ ಸಂಜೆ ಎಲ್ಲವನ್ನೂ ಒಳಗಿಟ್ಟು ಬೀಗುತ್ತಿದ್ದ ನಮಗೆ, ಮಗಳ ಜಾಕೆಟ್ಟಿನ ಜೇಬಿನಲ್ಲಿದ್ದ ಅರ್ಧ ಚಾಕಲೇಟ್ ಬಾರ್ ನೆನಪಾದದ್ದು ಅವಳು ನಿದ್ದೆ ಹೋದ ಮೇಲೆ. ಟಾರ್ಚ್ ಹಿಡಿದು, ಕರಗಿ ಜೇಬಿನ ಬಟ್ಟೆಗೆ ಅಂಟಿಕೊಂಡಿದ್ದ ಅದನ್ನು ಕೆರೆದು ತೆಗೆಯಲಾಗದೆ, ಕೊನೆಗೆ ಜಾಕೆಟ್ಟನ್ನೇ ಪೆಟ್ಟಿಗೆಯೊಳಗಿಟ್ಟೆವು. ಬೆಳಿಗ್ಗೆ ಅವಳು ಚಳಿಗೆ ನಡುಗಿದ್ದು ಬೇರೆ ಮಾತು. ಬೇರ್ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಅಲ್ಲಿಯೇ ಕೊಳ್ಳಿ. ಅದು ಮೈಗೋ ಟೆಂಟಿಗೋ ಸಿಂಪಡಿಸುವ ಸೊಳ್ಳೆ ಔಷಧಿಯಂಥದ್ದಲ್ಲ, ಮೇಲೆರಗಿ ಬರುವ ಕರಡಿಯತ್ತ ಹಾರಿಸುವಂಥದ್ದು. ಚೀಲದ ತಳದಲ್ಲಿದ್ದರೆ ಉಪಯೋಗವಿಲ್ಲ. ಕರಡಿ, ತೋಳಗಳಿಂದ 100 ಗಜ, ಉಳಿದ ಪ್ರಾಣಿಗಳಿಂದ 25 ಗಜ ದೂರವಿರುವುದು ಉದ್ಯಾನದ ನಿಯಮ.

ಉತ್ತರ 2: ಚಳಿಯನ್ನು ಹಗುರವಾಗಿ ಎಣಿಸಬೇಡಿ. ಸರೋವರ ಸಮುದ್ರ ಮಟ್ಟದಿಂದ ಸುಮಾರು 6,780 ಅಡಿ ಎತ್ತರದಲ್ಲಿದೆ. ನಡುಬೇಸಿಗೆಯಲ್ಲೂ ರಾತ್ರಿ 5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಮಲಗುವ ಚೀಲಕ್ಕಿಂತ ಅದರಡಿಯ ಚಾಪೆಗೆ ಹೆಚ್ಚು ಗಮನ ಕೊಡಿ, ಏಕೆಂದರೆ ನೆಲವೇ ಮೈಯ ಶಾಖವನ್ನು ಹೀರುತ್ತದೆ. ಇಡೀ ಕ್ಯಾಂಪ್ ಹಿಮನದಿ ತಂದು ಸುರಿದ ಬಂಡೆ, ಜಲ್ಲಿಗಳ ದಿಣ್ಣೆಯ ಮೇಲಿದೆ. ಟೆಂಟಿನ ಜೊತೆ ಬಂದಿದ್ದ ತೆಳು ಗೂಟಗಳಲ್ಲಿ ಮೂರು, ಕಲ್ಲಿಗೆ ತಾಗಿ ಕೊಕ್ಕೆಯಂತೆ ಬಾಗಿಹೋದವು. ಕೊನೆಗೆ ಹಗ್ಗಗಳನ್ನು ಬಂಡೆಗಳಿಗೆ ಸುತ್ತಿ ಕಟ್ಟಿದೆವು. ಮಧ್ಯಾಹ್ನದ ಗುಡುಗು ಮಳೆ ಪಶ್ಚಿಮದ ಶಿಖರಗಳ ಹಿಂದಿನಿಂದ ಬರುವುದರಿಂದ ತಲೆಯ ಮೇಲೆ ಬರುವವರೆಗೂ ಕಾಣುವುದಿಲ್ಲ. ತಿರುಗಾಟಕ್ಕೆ ಹೊರಡುವ ಮೊದಲೇ ಮೇಲ್ಹೊದಿಕೆ ಬಿಗಿದಿರಿ. ಸ್ನಾನಗೃಹ ಇಲ್ಲಿಲ್ಲ, ಉತ್ತರದ ಕೋಲ್ಟರ್ ಬೇಗೆ ಹೋಗಬಹುದು.

ಉತ್ತರ 3: ಜಾಗದ ಬಗ್ಗೆ ಯಾರೂ ಬರೆಯಲಿಲ್ಲ. ಇರುವುದು ಸುಮಾರು ಐವತ್ತೇ ಸೈಟ್‌ಗಳು, ಅವೂ ಟೆಂಟ್‌ಗಳಿಗಷ್ಟೇ. ಟ್ರೇಲರ್, ಆರ್‌ವಿಗಳಿಗೆ (ಒಳಗೇ ವಾಸಿಸಬಹುದಾದ ವಾಹನಗಳಿಗೆ) ಪ್ರವೇಶವಿಲ್ಲ. ಮುಂಜಾನೆ ಹೋಗಿ ಸಾಲು ನಿಲ್ಲುವ ಹಳೆಯ ಪದ್ಧತಿ 2021ರಿಂದ ನಿಂತುಹೋಗಿದೆ. ಈಗ ಆರು ತಿಂಗಳ ಮೊದಲೇ ರಿಕ್ರಿಯೇಶನ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದಲ್ಲಿ ಕಾದಿರಿಸಬೇಕು, ಆಗಸ್ಟ್‌ನ ದಿನಗಳು ತೆರೆದ ಕೂಡಲೇ ಮುಗಿಯುತ್ತವೆ. ನನಗೆ ಸಿಕ್ಕಿದ್ದು ಯಾರೋ ರದ್ದು ಮಾಡಿದ ಸೈಟ್. ಹೊರಡುವ ಹಿಂದಿನ ಎರಡು ವಾರ ದಿನಕ್ಕೆ ನಾಲ್ಕಾರು ಬಾರಿ ನೋಡುತ್ತಲೇ ಇದ್ದೆ. ಮೂರು ರಾತ್ರಿ ಒಂದೇ ಸೈಟ್ ಬೇಕೆಂದು ಹಟ ಹಿಡಿಯದೆ ಬಿಡಿಬಿಡಿಯಾಗಿ ಹುಡುಕಿದರೆ ಸಾಧ್ಯತೆ ಹೆಚ್ಚು. ನಾವು ನಡುವೆ ಒಮ್ಮೆ ಟೆಂಟ್ ಕಿತ್ತು ಬೇರೆಡೆ ಹಾಕಿದೆವು, ಅರ್ಧ ಗಂಟೆಯ ಕೆಲಸ. ಏನೂ ಸಿಗದಿದ್ದರೆ ಇದೇ ಉದ್ಯಾನದ ಇನ್ನೂ ದೊಡ್ಡ ಕ್ಯಾಂಪ್ ಗ್ರೋ ವಾಂಟ್‌ನಲ್ಲಿ ಪ್ರಯತ್ನಿಸಿ. ಸರೋವರ ಅಲ್ಲಿಂದ ದೂರವಾದರೂ, ನದಿಯಂಚಿನ ಪೊದೆಗಳಲ್ಲಿ ಮೂಸ್ ಎಂಬ ಭಾರೀ ಗಾತ್ರದ ಜಿಂಕೆ ಕಾಣುವ ಸಂಭವ ಅಲ್ಲಿಯೇ ಹೆಚ್ಚು.