ಇಂಗ್ಲಿಷ್‌ನಲ್ಲಿ ವಾಕ್ಯ ಒಡೆದರೆ ಫ್ರಾಗ್ಮೆಂಟ್, ಸೇರಿಸಿದರೆ ರನ್-ಆನ್: ಸರಿಪಡಿಸೋದು ಹೇಗೆ?

ಪ್ರಶ್ನೆ

ಈ ಪ್ಯಾರಾ ನೋಡಿ:

“ದ ಪ್ರಿಂಟರ್ ಸ್ಟಾಪ್ಡ್ ಆನ್ ಮಂಡೇ, ವೀ ಚೇಂಜ್ಡ್ ದ ಕೇಬಲ್. ಬಿಕಾಸ್ ಇಟ್ ವಾಸ್ ಲೂಸ್. ಆಲ್‌ದೋ ದ ಲೈಟ್ ಕೇಮ್ ಆನ್, ಬಟ್ ದ ಪೇಪರ್ ಡಿಡ್ ನಾಟ್ ಮೂವ್, ಹೌಎವರ್ ದ ರೋಲರ್ ವಾಸ್ ಕ್ಲೀನ್. ಹೋಪಿಂಗ್ ಫಾರ್ ಆ್ಯನ್ ಅರ್ಲಿ ರಿಪ್ಲೈ.”

ಫ್ರಾಗ್ಮೆಂಟ್ (ಅರ್ಧಕ್ಕೆ ನಿಂತ ವಾಕ್ಯ) ಇದೆ, ರನ್-ಆನ್ (ಸರಿಯಾದ ಕೊಂಡಿಯಿಲ್ಲದೆ ಅಂಟಿಸಿದ ವಾಕ್ಯಗಳು) ಕೂಡ ಇದೆ ಅಂತ ವಾಪಸ್ ಬಂದಿದೆ. ಉದ್ದ ವಾಕ್ಯ ಒಡೆದರೆ ಮೊದಲನೆಯದು, ಸೇರಿಸಿದರೆ ಎರಡನೆಯದು. ಯಾವ ಉದ್ದ ಸರಿ?

ಉತ್ತರ 1

ಉದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. “ಇಟ್ ರೇನ್ಡ್, ವೀ ಲೆಫ್ಟ್” ನಾಲ್ಕೇ ಪದ, ಆದರೂ ರನ್-ಆನ್. ನಲವತ್ತು ಪದಗಳ ವಾಕ್ಯ ಪೂರ್ತಿ ಸರಿಯಿರಬಹುದು. ನೀವು ಎಣಿಸಬೇಕಾದ್ದು ಎರಡು: ಕರ್ತೃ ಇರುವ ಪೂರ್ಣ ಕ್ರಿಯಾಪದಗಳೆಷ್ಟು, ಅವನ್ನು ಜೋಡಿಸುವ ಕೊಂಡಿಗಳೆಷ್ಟು. ಕೊಂಡಿ ಯಾವಾಗಲೂ ಒಂದು ಕಡಿಮೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರನ್-ಆನ್. ಒಂದೇ ಕ್ರಿಯಾಪದಕ್ಕೆ ಬಿಕಾಸ್, ಆಲ್‌ದೋ, ವೆನ್ ಥರದ ಒಂದು ಕೊಂಡಿ ಅಂಟಿಕೊಂಡಿದ್ದರೆ ಅಥವಾ ಕ್ರಿಯಾಪದವೇ ಇಲ್ಲದಿದ್ದರೆ ಫ್ರಾಗ್ಮೆಂಟ್.

“ಡಿಡ್ ನಾಟ್ ಮೂವ್” ಸೇರಿ ಒಂದೇ ಕ್ರಿಯಾಪದ. “ಟು ಮೂವ್”, ಬರೀ “ಮೂವಿಂಗ್” ಲೆಕ್ಕಕ್ಕಿಲ್ಲ. ಕನ್ನಡದ “ಚಲಿಸಲು”, “ಚಲಿಸುತ್ತಾ” ಇದ್ದ ಹಾಗೆ, ಅವುಗಳ ಮೇಲೆ ವಾಕ್ಯ ನಿಲ್ಲುವುದಿಲ್ಲ. ನಿಮ್ಮ ಕೊನೆಯ “ಹೋಪಿಂಗ್” ಸಾಲು ಬಿದ್ದದ್ದು ಅಲ್ಲೇ. “ಐ ಹೋಪ್” ಅಂತ ಶುರು ಮಾಡಿದರೆ ಮುಗೀತು.

ಮುಖ್ಯವಾದ್ದು: ಕಾಮಾ ಕೊಂಡಿಯಲ್ಲ. ಸೆಮಿಕೋಲನ್ ಕೊಂಡಿ. “ಮಳೆ ಬಂತು, ಆಟ ನಿಂತಿತು” ಅಂತ ಕನ್ನಡದಲ್ಲಿ ಧಾರಾಳವಾಗಿ ಬರೀತೇವೆ, ಯಾರೂ ತಪ್ಪೆನ್ನುವುದಿಲ್ಲ. ಅದೇ ಕಾಮಾ ಇಂಗ್ಲಿಷ್‌ಗೆ ಹೋದರೆ ಅದಕ್ಕೆ ಕಾಮಾ ಸ್ಪ್ಲೈಸ್ ಅಂತ ಹೆಸರು. ನಿಮ್ಮ ಮೊದಲ ವಾಕ್ಯದಲ್ಲಿ “ಸ್ಟಾಪ್ಡ್”, “ಚೇಂಜ್ಡ್” ಎರಡಿವೆ, ಕೊಂಡಿ ಸೊನ್ನೆ.

ಉತ್ತರ 2

ಬಿಕಾಸ್ ಬಗ್ಗೆ ಸ್ವಲ್ಪ ನಿಲ್ಲೋಣ, ನಮ್ಮವರ ಬರವಣಿಗೆಯಲ್ಲಿ ಆಗಾಗ ಕಾಣೋ ತಪ್ಪು ಇದು. “ಕೇಬಲ್ ಬದಲಾಯಿಸಿದೆವು. ಏಕೆಂದರೆ ಅದು ಸಡಿಲವಾಗಿತ್ತು.” ಕನ್ನಡದಲ್ಲಿ ಏಕೆಂದರೆಯಿಂದ ಹೊಸ ವಾಕ್ಯ ಶುರುವಾಗಬಹುದು. ಬಿಕಾಸ್ ಮಾತ್ರ ತನ್ನ ವಾಕ್ಯವನ್ನು ಇನ್ನೊಂದಕ್ಕೆ ಕಟ್ಟಿಯೇ ಹಾಕುತ್ತದೆ. ಅದು “ಸಡಿಲವಾಗಿದ್ದರಿಂದ” ಅನ್ನೋದಕ್ಕೆ ಹತ್ತಿರ. “ಅದು ಸಡಿಲವಾಗಿದ್ದರಿಂದ.” ಅಂತ ಫುಲ್‌ಸ್ಟಾಪ್ ಇಟ್ಟು ನೋಡಿ, ಕೊರತೆ ಕಿವಿಗೇ ಕೇಳುತ್ತೆ. ಸಂಶಯ ಬಂದಾಗ ಸಾಲಿನ ಮುಂದೆ “ಇಟ್ ಈಸ್ ಟ್ರೂ ದಟ್” ಸೇರಿಸಿ ಓದಿ. “ಇಟ್ ಈಸ್ ಟ್ರೂ ದಟ್ ಬಿಕಾಸ್ ಇಟ್ ವಾಸ್ ಲೂಸ್” ಅರ್ಧಕ್ಕೆ ನಿಂತುಹೋಗುತ್ತೆ.

ಮೂರನೇ ವಾಕ್ಯದಲ್ಲಿ ಎರಡು ರೋಗ. ಆಲ್‌ದೋ, ಬಟ್ ಎರಡೂ ಕೊಂಡಿಗಳೇ. “ಕೇಮ್ ಆನ್”, “ಡಿಡ್ ನಾಟ್ ಮೂವ್” ಈ ಎರಡು ಕ್ರಿಯಾಪದಕ್ಕೆ ಎರಡು ಕೊಂಡಿ ಹಾಕಿದ್ದೀರಿ. ಒಂದನ್ನು ತೆಗೀರಿ. ಹೌಎವರ್ ಕೊಂಡಿಯಂತೆ ಕಂಡರೂ ಕ್ರಿಯಾವಿಶೇಷಣ, ಹಾಗಾಗಿ ಅಲ್ಲಿ ಕಾಮಾ ಸ್ಪ್ಲೈಸ್ ಆಗಿದೆ. ಗುರುತು ಹಿಡಿಯೋದು ಸುಲಭ: ಅದು ಜಾಗ ಬದಲಿಸುತ್ತೆ. “ದ ರೋಲರ್, ಹೌಎವರ್, ವಾಸ್ ಕ್ಲೀನ್” ಅನ್ನಬಹುದು. ಬಟ್‌ಗೆ ಹಾಗೆ ಓಡಾಡೋಕೆ ಆಗಲ್ಲ. ದೇರ್‌ಫೋರ್, ಮೋರ್‌ಓವರ್, ದೆನ್ ಕೂಡ ಹೌಎವರ್ ಗುಂಪೇ. ಕಾಮಾ ಜೊತೆ ಸೇರಿ ಎರಡು ಪೂರ್ಣ ವಾಕ್ಯ ಜೋಡಿಸುವ ಪದಗಳು ಏಳು: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ.

ರಿಪೇರಿ ಮಾಡಿದ ಪ್ಯಾರಾ:

“ದ ಪ್ರಿಂಟರ್ ಸ್ಟಾಪ್ಡ್ ಆನ್ ಮಂಡೇ. ವೀ ಚೇಂಜ್ಡ್ ದ ಕೇಬಲ್ ಬಿಕಾಸ್ ಇಟ್ ವಾಸ್ ಲೂಸ್. ಆಲ್‌ದೋ ದ ಲೈಟ್ ಕೇಮ್ ಆನ್, ದ ಪೇಪರ್ ಡಿಡ್ ನಾಟ್ ಮೂವ್. ದ ರೋಲರ್, ಹೌಎವರ್, ವಾಸ್ ಕ್ಲೀನ್. ಐ ಹೋಪ್ ಫಾರ್ ಆ್ಯನ್ ಅರ್ಲಿ ರಿಪ್ಲೈ.”

ಬಿಕಾಸ್ ನಡುವೆ ಬಂದಾಗ ಸಾಮಾನ್ಯವಾಗಿ ಕಾಮಾ ಬೇಡ. ವಾಕ್ಯದ ತಲೆಯಲ್ಲಿ ಬಂದರೆ, ಆ ಭಾಗ ಮುಗಿದ ಕಡೆ ಕಾಮಾ ಹಾಕಿ.

ಪ್ರಶ್ನೆ ಕೇಳಿದವರು

ಎಣಿಕೆ ಅರ್ಥವಾಯ್ತು. ಎರಡು ಅನುಮಾನ. “ಐ ನೋ ಇಟ್ ವರ್ಕ್ಸ್” ಇದರಲ್ಲಿ ಕ್ರಿಯಾಪದ ಎರಡು, ಕೊಂಡಿ ಇಲ್ಲವಲ್ಲ? ಬಟ್‌ನಿಂದ ವಾಕ್ಯ ಶುರು ಮಾಡಿದರೆ ಅದೂ ಫ್ರಾಗ್ಮೆಂಟಾ?

ಉತ್ತರ 1

ಮೊದಲನೆಯದರಲ್ಲಿ “ದಟ್” ಅಡಗಿದೆ: “ಐ ನೋ ದಟ್ ಇಟ್ ವರ್ಕ್ಸ್”. ಕಾಣದಿದ್ದರೂ ಲೆಕ್ಕಕ್ಕೆ ತಗೊಳ್ಳಿ.

ಬಟ್, ಆ್ಯಂಡ್ ಥರದ ಆ ಏಳು ಪದ ವಾಕ್ಯದ ತಲೆಯಲ್ಲಿ ಬಂದರೆ ಫ್ರಾಗ್ಮೆಂಟ್ ಆಗಲ್ಲ, ಹಿಂದಿನ ವಾಕ್ಯಕ್ಕೆ ಹೊಂದಿಸುವುದಷ್ಟೇ ಅವುಗಳ ಕೆಲಸ. ಅಲ್ಲಿ ಅದನ್ನು ಎಣಿಸಬೇಡಿ. ಇನ್ನೊಂದು: “ವೀ ಓಪನ್ಡ್ ಇಟ್, ಕ್ಲೀನ್ಡ್ ದ ರೋಲರ್ ಆ್ಯಂಡ್ ಕ್ಲೋಸ್ಡ್ ದ ಲಿಡ್” ಇದರಲ್ಲಿ ಕರ್ತೃ ಒಂದೇ, ಹಾಗಾಗಿ ಮೂರೂ ಸೇರಿ ಒಂದು ಲೆಕ್ಕ. ಅಲ್ಲಿನ ಕಾಮಾ ಪಟ್ಟಿಯ ಕಾಮಾ, ಬಿಟ್ಟುಬಿಡಿ.

ತಿದ್ದುವಾಗ ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದೇ ಓದಿ. ಮೇಲಿನಿಂದ ಓದಿದರೆ “ಬಿಕಾಸ್ ಇಟ್ ವಾಸ್ ಲೂಸ್”ಗೆ ಬೇಕಾದ ಉಳಿದರ್ಧವನ್ನು ಹಿಂದಿನ ಸಾಲಿಂದ ಮನಸ್ಸೇ ತುಂಬಿಕೊಳ್ಳುತ್ತೆ, ತಪ್ಪು ಕಣ್ಣಿಗೆ ಬೀಳಲ್ಲ.